ಇರುವುದರಲ್ಲಿ ಆಡಿದವರು

ಮಲ್ಲೇಶ್ವರದ ನಮ್ಮ ಮನೆಯಲ್ಲಿ ಕ್ರಿಕೆಟ್ಟಿನ ವಿಷಯಕ್ಕೆ ಎರಡು ಪಕ್ಷಗಳಿದ್ದವು. ಅಪ್ಪ ಚಂದ್ರಶೇಖರ್ ಕಡೆ, ಸೋದರಮಾವ ವಿಶ್ವನಾಥ್ ಕಡೆ. ಇಬ್ಬರೂ ನಮ್ಮ ನಾಡಿನವರೇ, ಒಂದೇ ತಂಡಕ್ಕೆ ಆಡಿದವರೇ. ಆದರೂ ಭಾನುವಾರ ಊಟ ಮುಗಿದು ಎಲೆ ಅಡಿಕೆ ತಟ್ಟೆ ಹೊರಗೆ ಬಂತೆಂದರೆ ವಾದ ಶುರುವಾಗಿಬಿಡುತ್ತಿತ್ತು.

"ದೊಡ್ಡ ಆಟಗಾರ ಹುಟ್ಟಿ ಬರಬೇಕು ಭಾವ. ವಿಶಿಗೆ ಆ ಸ್ಕ್ವೇರ್ ಕಟ್ ಯಾರು ಹೇಳಿಕೊಟ್ಟರು? ಆ ಮಣಿಕಟ್ಟು ದೇವರೇ ಕೊಟ್ಟದ್ದು" ಎಂದು ಮಾವ ಎತ್ತಿಕೊಳ್ಳುತ್ತಿದ್ದರು.

ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಲೇ, "ಹಾಗಾದರೆ ಚಂದ್ರನಿಗೆ ದೇವರು ಏನು ಕೊಟ್ಟನಯ್ಯಾ? ಕೊಟ್ಟಿದ್ದ ಕೈಯನ್ನೂ ಕಿತ್ತುಕೊಂಡನಲ್ಲ" ಎನ್ನುತ್ತಿದ್ದರು.

ಅಪ್ಪನ ಆಧಾರವೆಲ್ಲ 1971ರ ಓವಲ್ ಟೆಸ್ಟ್. ಆಗ ನಾನು ತೊಟ್ಟಿಲು ಬಿಟ್ಟಿದ್ದೆ ಅಷ್ಟೆ. ಆದರೆ ಅಪ್ಪ ಅದನ್ನು ಎಷ್ಟು ಸಲ ಹೇಳಿದ್ದರೆಂದರೆ, ದಕ್ಷಿಣ ಲಂಡನ್ನಿನ ಆ ಮೈದಾನ ನನಗೆ ಸಂಪಿಗೆ ರಸ್ತೆಯಷ್ಟೇ ಪರಿಚಿತ ಜಾಗವಾಗಿತ್ತು. ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಅವರಿಗೆ ಎಳವೆಯಲ್ಲೇ ಪೋಲಿಯೊ ಬಂದು ಬಲಗೈ ಸೊರಗಿತ್ತು. ಫೀಲ್ಡಿಂಗ್ ಮಾಡುವಾಗ ಚೆಂಡನ್ನು ಎಸೆಯುತ್ತಿದ್ದದ್ದು ಎಡಗೈಯಿಂದ. ಬೌಲಿಂಗ್ ಮಾತ್ರ ಆ ಸೊರಗಿದ ಬಲಗೈಯಿಂದಲೇ. ಓಡಿ ಬಂದು, ತುಂಬು ತೋಳಿನ ಅಂಗಿಯ ಗುಂಡಿ ಹಾಕಿದ ಆ ತೆಳು ಕೈಯನ್ನು ಬೀಸಿದರೆ, ಚೆಂಡು ಲೆಗ್ ಸ್ಪಿನ್ನರ್ ಎಸೆಯಬೇಕಾದ್ದಕ್ಕಿಂತ ಬಹಳ ವೇಗವಾಗಿ ಬರುತ್ತಿತ್ತು. ಅದು ಯಾವ ಕಡೆ ತಿರುಗೀತೆಂದು ಬೌಲ್ ಮಾಡಿದವರಿಗೇ ಗೊತ್ತಿರುವುದಿಲ್ಲ ಎಂದು ಜನ ತಮಾಷೆ ಮಾಡುತ್ತಿದ್ದರು.

ಆ ಟೆಸ್ಟಿನಲ್ಲಿ ಇಂಗ್ಲೆಂಡ್ 355 ಹೊಡೆದರೆ ಭಾರತ 284ಕ್ಕೆ ಮುಗಿಸಿತ್ತು. 71 ರನ್ ಹಿಂದೆ ಬಿದ್ದ ತಂಡ ಇಂಗ್ಲೆಂಡಿನಲ್ಲಿ ಗೆಲ್ಲುತ್ತದೆಂದು ಯಾರು ನಂಬುತ್ತಾರೆ? ಅಲ್ಲಿ ಅದುವರೆಗೆ ಭಾರತ ಒಂದು ಟೆಸ್ಟನ್ನೂ ಗೆದ್ದಿರಲಿಲ್ಲ. ಎರಡನೇ ಇನಿಂಗ್ಸಿನಲ್ಲಿ ಚಂದ್ರ 38 ರನ್ ಕೊಟ್ಟು 6 ವಿಕೆಟ್ ಕಿತ್ತರು. ಇಂಗ್ಲೆಂಡ್ 101ಕ್ಕೆ ಆಲೌಟ್. ಜಾನ್ ಎಡ್ರಿಚ್ ಬ್ಯಾಟಿಂಗಿಗೆ ಬಂದಾಗ, ಆ ವರ್ಷ ಡರ್ಬಿ ಗೆದ್ದಿದ್ದ ರೇಸ್ ಕುದುರೆ 'ಮಿಲ್ ರೀಫ್' ಹೆಸರು ಹೇಳಿ, ಅಂಥದ್ದೊಂದು ವೇಗದ ಚೆಂಡು ಹಾಕು ಎಂದು ದಿಲೀಪ್ ಸರ್ದೇಸಾಯಿ ಸೂಚಿಸಿದರಂತೆ. ಎಡ್ರಿಚ್ ಬ್ಯಾಟ್ ಇಳಿಸುವಷ್ಟರಲ್ಲಿ ಸ್ಟಂಪ್ ಹಾರಿತ್ತು. ಆಗಸ್ಟ್ 24, ಗಣೇಶ ಚೌತಿಯ ದಿನ, ಚೆಸಿಂಗ್ಟನ್ ಮೃಗಾಲಯದಿಂದ ಬೆಲ್ಲಾ ಎಂಬ ಆನೆಯನ್ನು ಮೈದಾನಕ್ಕೆ ಕರೆತಂದಿದ್ದರು. ಭಾರತ ನಾಲ್ಕು ವಿಕೆಟ್‌ಗಳಿಂದ ಗೆದ್ದಿತು, ಸರಣಿಯನ್ನೂ ಗೆದ್ದಿತು.

ತಮಾಷೆಯೆಂದರೆ, ಅದೇ ಪಂದ್ಯದಲ್ಲಿ ಮಾವನಿಗೂ ಒಂದು ಪಾಠ ಇತ್ತು. 173 ರನ್ ಬೆನ್ನಟ್ಟುವಾಗ ವಿಶ್ವನಾಥ್ ಗಳಿಸಿದ್ದು 33. ಜನ ನೆನಪಿಟ್ಟುಕೊಳ್ಳುವ ವಿಶಿ ಅಲ್ಲ ಅದು. ಕಟ್ ಇಲ್ಲ, ಬೆಡಗಿಲ್ಲ. ಗಂಟೆಗಟ್ಟಲೆ ನಿಂತು, ಬಂದ ಚೆಂಡನ್ನು ತಡೆದು, ಗೆಲುವಿಗೆ ಮೂರೇ ರನ್ ಬಾಕಿ ಇದ್ದಾಗ ಔಟಾದರು. ದೇವರು ಕೊಟ್ಟ ಮಣಿಕಟ್ಟನ್ನು ಅವತ್ತು ಅವರು ಜೇಬಿನಲ್ಲಿಟ್ಟುಕೊಂಡಿದ್ದರು. ಅಪ್ಪ ಇದನ್ನು ಎತ್ತಿದಾಗಲೆಲ್ಲ ಮಾವ ಮಾತು ಬದಲಿಸಿ ಕಾಫಿ ಕೇಳುತ್ತಿದ್ದರು. ಪ್ರತಿಭೆಯಿಂದ ಆಡುವವರೂ ಅದನ್ನು ಬದಿಗಿಡಬೇಕಾದ ದಿನ ಬರುತ್ತದೆ, ಆ ದಿನ ಅವರು ಏನು ಮಾಡುತ್ತಾರೆ ಎನ್ನುವುದರಲ್ಲಿ ಅವರ ತೂಕ ತಿಳಿಯುತ್ತದೆ ಎಂದು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ.

ನನ್ನ ಸ್ವಂತ ಪಕ್ಷ ಬೇರೆಯೇ ಇತ್ತು. ನಾನು ಬ್ಯಾಡ್ಮಿಂಟನ್ನಿನ ಪ್ರಕಾಶ್ ಪಡುಕೋಣೆಯ ಕಡೆ. ಅದಕ್ಕೆ ಕಾರಣ ತೀರಾ ಸರಳ: ಅವರು ನಮ್ಮ ಬಡಾವಣೆಯವರು. ಕೆನರಾ ಯೂನಿಯನ್ ಸಭಾಂಗಣದಲ್ಲಿ ಅವರು ಆಡಿ ಬೆಳೆದದ್ದು ಮಲ್ಲೇಶ್ವರದ ಮಕ್ಕಳಿಗೆಲ್ಲ ಗೊತ್ತಿತ್ತು. ಅದು ಮದುವೆ ಮಂಟಪವೂ ಹೌದು. ಮದುವೆ ಇದ್ದ ದಿನ ಆಟವಿಲ್ಲ. ಲಗ್ನದ ತಿಂಗಳುಗಳಲ್ಲಿ ದೇಶದ ಚಾಂಪಿಯನ್ನಿಗೂ ಕೋರ್ಟ್ ಸಿಗದ ದಿನಗಳು ಬರುತ್ತಿದ್ದವು. ವಾಲಗದವರು ಹೋಗಿ, ಅಡುಗೆಯವರು ಹೋಗಿ, ನೆಲ ಒರೆಸಿದ ಮೇಲೆ ಮತ್ತೆ ಬಲೆ ಕಟ್ಟಬೇಕು. ಜಗತ್ತಿನ ಅತ್ಯುತ್ತಮ ಆಟಗಾರ ತಯಾರಾದದ್ದು ಅಂಥ ಕಡೆ.

1980ರ ಮಾರ್ಚ್ 23ರಂದು ಅವರು ಲಂಡನ್ನಿನ ವೆಂಬ್ಲಿ ಅರೀನಾದಲ್ಲಿ ಆಲ್ ಇಂಗ್ಲೆಂಡ್ ಫೈನಲ್ ಆಡಿದರು. ಎದುರಿಗೆ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್, ಹಿಂದಿನ ಎರಡು ವರ್ಷಗಳ ಚಾಂಪಿಯನ್. ಕಿಂಗ್ ಗಾಳಿಯಲ್ಲಿ ಹಾರಿ ಹೊಡೆಯುವ ಸ್ಮ್ಯಾಷ್‌ಗೆ ಆಗ ಉತ್ತರ ಬಲ್ಲವರು ಕಡಿಮೆ. ಪ್ರಕಾಶ್ ಗೆದ್ದದ್ದು 15-3, 15-10ರಲ್ಲಿ. ಆ ಗೆಲುವಿಗೂ ಮುಂಚೆ ಅದೇ ವರ್ಷ ಅವರು ಡ್ಯಾನಿಷ್ ಮತ್ತು ಸ್ವೀಡಿಷ್ ಓಪನ್ ಗೆದ್ದಿದ್ದರು. ಮರುದಿನ ಪತ್ರಿಕೆ ಬರುವ ಹೊತ್ತಿಗೆ ನಮ್ಮ ಬೀದಿಯ ಹುಡುಗರೆಲ್ಲ ಗೇಟಿನ ಬಳಿ ಕಾದು ನಿಂತಿದ್ದೆವು. ಬ್ಯಾಟ್ ಇಲ್ಲದವರೂ ಅವತ್ತು ಸಂಜೆ ರಟ್ಟು ಹಿಡಿದು ಷಟಲ್ ಆಡಿದರು.

ಆ ಪಂದ್ಯ ಕಣ್ಣಾರೆ ನೋಡಲು ನನಗೆ ಬಹಳ ವರ್ಷ ಬೇಕಾಯಿತು. ಈಗಲೂ ಅದರ ಹಳೆಯ ಚಿತ್ರಣ ನೋಡಿದರೆ ಬೆರಗಾಗುವುದು ಒಂದೇ ಕಾರಣಕ್ಕೆ: ಪ್ರಕಾಶ್ ಕಿಂಗ್ ಹಾಗೆ ಆಡಲು ಹೋಗುವುದೇ ಇಲ್ಲ. ವೇಗಕ್ಕೆ ವೇಗ ಕೊಟ್ಟರೆ ತಾನು ಸೋಲುತ್ತೇನೆಂದು ಅವರಿಗೆ ಚೆನ್ನಾಗಿ ಗೊತ್ತು. ಎತ್ತರದ ಟಾಸ್, ಬಲೆಯ ಬುಡಕ್ಕೆ ಡ್ರಾಪ್, ನಡುವೆ ಒಂದು ಹಾಫ್ ಸ್ಮ್ಯಾಷ್. ವಿಳಾಸ ನೋಡಿ ಕಾಗದ ಹಾಕುವ ಪೋಸ್ಟ್‌ಮ್ಯಾನ್ ಹಾಗೆ ಷಟಲನ್ನು ಮೂಲೆಯಿಂದ ಮೂಲೆಗೆ ಹಾಕುತ್ತ ಹೋಗುತ್ತಾರೆ. ಕಿಂಗ್ ಹಾರಬೇಕೆಂದಾಗ ಷಟಲ್ ಕೆಳಗಿರುತ್ತದೆ, ಮುಂದೆ ಬಂದಾಗ ತಲೆಯ ಮೇಲೆ ಹೋಗಿರುತ್ತದೆ. ಆಟದ ಗತಿಯನ್ನೇ ತನಗೆ ಬೇಕಾದಷ್ಟು ಇಳಿಸಿ, ಎದುರಾಳಿಯ ದೊಡ್ಡ ಆಯುಧಕ್ಕೆ ಕೆಲಸವೇ ಇಲ್ಲದಂತೆ ಮಾಡುವುದು. ಮುಂದಿನ ವರ್ಷದ ಫೈನಲ್‌ನಲ್ಲಿ ಅದೇ ಕಿಂಗ್ ಪ್ರಕಾಶ್‌ರನ್ನು ಸೋಲಿಸಿದರು, ಅದೂ ನಿಜ. ಆದರೆ ತನ್ನ ಬಳಿ ಏನಿಲ್ಲ ಎಂದು ಇಷ್ಟು ನಿಖರವಾಗಿ ಬಲ್ಲ ಮನುಷ್ಯ ಇಷ್ಟು ನಿರಾಳವಾಗಿ ಆಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕೆಲಸ ಹಿಡಿದು ಲಂಡನ್ನಿಗೆ ಬಂದಾಗ ನನಗೆ ಮೊದಲು ಬಾಡಿಗೆ ಕೋಣೆ ಸಿಕ್ಕಿದ್ದು ವೆಂಬ್ಲಿಯಲ್ಲೇ. ಈಲಿಂಗ್ ರೋಡಿನ ಗುಜರಾತಿ ಅಂಗಡಿಗಳಲ್ಲಿ ಹುರುಳಿಕಾಯಿ, ಕರಿಬೇವು, ತೊಗರಿಬೇಳೆ ಎಲ್ಲ ಸಿಗುತ್ತದೆಂದು ಆಫೀಸಿನವರು ಹೇಳಿದ್ದು ಒಂದು ನೆಪ. ಅರೀನಾ ನೋಡಬೇಕೆನ್ನುವುದೇ ಒಳಗಿನ ಆಸೆ. 1934ರಲ್ಲಿ ಈಜುಕೊಳವಾಗಿ ಕಟ್ಟಿದ, ಕಾಂಕ್ರೀಟಿನ ದೊಡ್ಡ ಹಳೇ ಕಟ್ಟಡ ಅದು. ನಾನು ಬರುವ ಹೊತ್ತಿಗೆ ಆಲ್ ಇಂಗ್ಲೆಂಡ್ ಬರ್ಮಿಂಗ್‌ಹ್ಯಾಮಿಗೆ ಹೋಗಿ ಆಗಿತ್ತು. ಅರೀನಾದ ಗೋಡೆ ತುಂಬ ಸಂಗೀತ ಕಛೇರಿಗಳ ಪೋಸ್ಟರ್. ಅಲ್ಲಿ ನಿಂತು ಫೋಟೊ ತೆಗೆಸಿಕೊಂಡು ಅಪ್ಪನಿಗೆ ಕಳಿಸಿದೆ. ಅಪ್ಪ ಬರೆದ ಉತ್ತರದಲ್ಲಿ ಪ್ರಕಾಶರ ಮಾತಿಲ್ಲ, "ಓವಲ್‌ಗೆ ಯಾವಾಗ ಹೋಗ್ತೀಯ?" ಎಂಬ ಒಂದೇ ಪ್ರಶ್ನೆ.

ಓವಲ್‌ಗೆ ಹೋಗಿ ನಮ್ಮವರ ಆಟವನ್ನು ನೆಮ್ಮದಿಯಾಗಿ ನೋಡಿದ್ದು 2007ರ ಆಗಸ್ಟ್‌ನಲ್ಲಿ. ವಾಕ್ಸ್‌ಹಾಲ್ ಸ್ಟೇಷನ್ನಿನಲ್ಲಿ ಇಳಿದು ನಡೆದರೆ ಮೊದಲು ಕಾಣುವುದು ಮೈದಾನದ ಬೆನ್ನಿಗೆ ನಿಂತ ಹಳೆಯ ಗ್ಯಾಸ್ ಟ್ಯಾಂಕುಗಳ ಕಬ್ಬಿಣದ ಚೌಕಟ್ಟು. ಅವತ್ತು ಪಂದ್ಯದ ಎರಡನೇ ದಿನ. ದ್ರಾವಿಡ್ ನಾಯಕ, ಭಾರತ ಸರಣಿಯಲ್ಲಿ 1-0 ಮುಂದೆ. ನಾವು ಹೋಗಿದ್ದು ತೆಂಡೂಲ್ಕರ್ ನೋಡಲು. ಅವರು 82ಕ್ಕೆ ಔಟಾದರು, ಧೋನಿ 92ಕ್ಕೆ. ಶತಕ ಹೊಡೆದದ್ದು ಅನಿಲ್ ಕುಂಬ್ಳೆ!

ಅದು ಕುಂಬ್ಳೆಯ 118ನೇ ಟೆಸ್ಟ್. ಕೊನೆಯ ಬ್ಯಾಟ್ಸ್‌ಮನ್ ಶ್ರೀಶಾಂತ್ ಜೊತೆಗಿದ್ದರು. ಪೀಟರ್ಸನ್ ಬೌಲಿಂಗಿಗೆ ಮುಂದೆ ನುಗ್ಗಿ ಬೀಸಿದ ಚೆಂಡು ಬ್ಯಾಟಿನ ಒಳ ಅಂಚಿಗೆ ತಾಗಿ ಕೀಪರನ್ನು ದಾಟಿ ಬೌಂಡರಿಗೆ ಓಡಿತು. ಅಷ್ಟು ಗಂಭೀರ ಮುಖದ ಮನುಷ್ಯ ಬ್ಯಾಟ್ ಎತ್ತಿ ಮಗುವಿನಂತೆ ಓಡಿದ್ದು, ಪೆವಿಲಿಯನ್ ಬಾಲ್ಕನಿಯಲ್ಲಿ ಇಡೀ ತಂಡ ನಗುತ್ತ ಎದ್ದು ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ತೆಂಡೂಲ್ಕರ್, ದ್ರಾವಿಡ್, ಗಂಗೂಲಿ, ಲಕ್ಷ್ಮಣ್ ಆಡಿದ ಆ ಸರಣಿಯ ಮೂರು ಟೆಸ್ಟುಗಳಲ್ಲಿ ಭಾರತದ ಪರ ಬಂದ ಏಕೈಕ ಶತಕ ಅದು. ಅಂಚಿಗೆ ತಾಗಿ ಬಂದ ರನ್ನು ಎಂದು ಯಾರಾದರೂ ಮೂಗು ಮುರಿಯಬಹುದು. ನನಗೆ ಅದರ ಹಿಂದಿನ 117 ಟೆಸ್ಟುಗಳು ಕಾಣುತ್ತವೆ. ಈತ ಸ್ಪಿನ್ನರೇ ಅಲ್ಲ, ಚೆಂಡು ತಿರುಗಿಸುವುದೇ ಇಲ್ಲ ಎಂದು ಮೊದಲ ದಿನದಿಂದ ಕೇಳಿಸಿಕೊಂಡ ಬೌಲರ್ ಕುಂಬ್ಳೆ. ಅವರು ತಿರುಗಿಸಲು ಒದ್ದಾಡುತ್ತ ಕೂರಲಿಲ್ಲ. ಎತ್ತರವನ್ನೂ ವೇಗವನ್ನೂ ನಿಖರತೆಯನ್ನೂ ತೀಡಿ ತೀಡಿ 619 ವಿಕೆಟ್ ಮಾಡಿಕೊಂಡರು. ಬ್ಯಾಟಿಂಗಿನಲ್ಲೂ ಅದೇ ಕಥೆ: ಕೆಳಗಿನ ಕ್ರಮಾಂಕ ತಾನೇ ಎಂದು ವಿಕೆಟ್ ಬಿಸಾಡಿ ಬಂದವರಲ್ಲ.

ನಾಲ್ಕು ವರ್ಷದ ನಂತರ ಅದೇ ಓವಲ್ಲಿಗೆ ಮಗಳನ್ನು ಕರೆದುಕೊಂಡು ಹೋದೆ. 2011ರ ಆಗಸ್ಟ್ 21, ಭಾನುವಾರ. ಆ ಪ್ರವಾಸದಲ್ಲಿ ಭಾರತ ಆಗಲೇ ಮೂರು ಟೆಸ್ಟ್ ಸೋತಿತ್ತು. ಇಲ್ಲಿ ಇಂಗ್ಲೆಂಡ್ 6 ವಿಕೆಟಿಗೆ 591 ಹೊಡೆದು ಡಿಕ್ಲೇರ್ ಮಾಡಿಕೊಂಡಿತ್ತು. ಫೀಲ್ಡಿಂಗಿನಲ್ಲಿ ತಲೆಗೆ ಪೆಟ್ಟು ಬಿದ್ದು ಗಂಭೀರ್ ಆರಂಭಕ್ಕೆ ಬರುವ ಹಾಗಿರಲಿಲ್ಲ. ಆ ಜಾಗಕ್ಕೆ ನಿಂತವರು 38 ವರ್ಷದ ರಾಹುಲ್ ದ್ರಾವಿಡ್. ಹಿಂದಿನ ಸಂಜೆ ಐದು ವಿಕೆಟ್ ಬಿದ್ದಾಗಲೂ ಅವರು ಒಂದು ತುದಿಯಲ್ಲಿದ್ದರು. ಬೆಳಿಗ್ಗೆ ನಾವು ಜಾಗ ಹಿಡಿದು ಕೂತಾಗಲೂ ಅಲ್ಲೇ ಇದ್ದರು. ಅಮಿತ್ ಮಿಶ್ರಾ ಬಂದು 43 ಹೊಡೆದು ಹೋದರು. ಗಂಭೀರ್ ಬಂದು ಹೋದರು. ಕೊನೆಗೆ ಭಾರತ 300ಕ್ಕೆ ಆಲೌಟ್, ದ್ರಾವಿಡ್ ಔಟಾಗದೆ 146. ಗಾವಸ್ಕರ್, ಸೆಹ್ವಾಗ್ ಬಿಟ್ಟರೆ ಭಾರತಕ್ಕೆ ಹಾಗೆ ಆರಂಭದಿಂದ ಕೊನೆಯವರೆಗೆ ಅಜೇಯವಾಗಿ ನಿಂತವರು ಅದುವರೆಗೆ ಬೇರೆ ಯಾರೂ ಇರಲಿಲ್ಲ.

ನಾನು ಚಿತ್ರಾನ್ನದ ಡಬ್ಬಿ ತೆಗೆದೆ. ಫಾಲೋ-ಆನ್ ಬಂತು, ಇನಿಂಗ್ಸ್ ನಡುವೆ ಹತ್ತು ನಿಮಿಷದ ಬಿಡುವು. ಡಬ್ಬಿ ಅರ್ಧ ಖಾಲಿಯಾಗುವಷ್ಟರಲ್ಲಿ ಚಪ್ಪಾಳೆ ಶುರುವಾಯಿತು. ತಲೆ ಎತ್ತಿದರೆ ಮೆಟ್ಟಿಲಿಳಿದು ಬರುತ್ತಿರುವವರು ಮತ್ತೆ ಅವರೇ.

"ಅಪ್ಪ, ಮತ್ತೆ ಇವರೇನಾ? ಇವರಿಗೆ ಸುಸ್ತಾಗಲ್ವಾ?" ಎಂದಳು ಮಗಳು.

ನಮ್ಮ ಪಕ್ಕ ಒಬ್ಬ ವೃದ್ಧ ಇಂಗ್ಲಿಷ್ ಗೃಹಸ್ಥರು ಬೆಳಿಗ್ಗೆಯಿಂದ ಪೆನ್ಸಿಲಿನಲ್ಲಿ ಸ್ಕೋರ್ ಬರೆದುಕೊಳ್ಳುತ್ತ ಕೂತಿದ್ದರು. ಹೊಸ ಪುಟ ತಿರುಗಿಸಿ, ಮೊದಲ ಸಾಲಿನಲ್ಲಿ ಮತ್ತೆ ಅದೇ ಹೆಸರು ಬರೆದರು. ಬರೆದು, ನೋಟ್‌ಬುಕ್ಕನ್ನು ಸೀಟಿನ ಮೇಲಿಟ್ಟು ಎದ್ದು ನಿಂತರು. ಮೈದಾನವೆಲ್ಲ ಎದ್ದು ನಿಂತಿತ್ತು. ಎರಡನೇ ಸಲ ದ್ರಾವಿಡ್ ಗಳಿಸಿದ್ದು 13. ಭಾರತ ಇನಿಂಗ್ಸ್ ಮತ್ತು 8 ರನ್ನುಗಳಿಂದ ಸೋತಿತು, ಸರಣಿ 4-0. ಆ ಸೋತ ಸರಣಿಯಲ್ಲಿ ದ್ರಾವಿಡ್ ಹೊಡೆದದ್ದು ಮೂರು ಶತಕ, 461 ರನ್. ಅವುಗಳಲ್ಲಿ ಒಂದು ಲಾರ್ಡ್ಸ್‌ನಲ್ಲಿ. 1996ರಲ್ಲಿ ತಮ್ಮ ಮೊದಲ ಟೆಸ್ಟಿನಲ್ಲೇ ಅಲ್ಲಿ 95ಕ್ಕೆ ಔಟಾಗಿದ್ದವರು, ಅಲ್ಲಿನ ಗೌರವ ಫಲಕದಲ್ಲಿ ಹೆಸರು ಬರೆಸಲು 15 ವರ್ಷ ಕಾದರು.

ಪಂದ್ಯ ಉಳಿಯುವುದಿಲ್ಲವೆಂದು ಅವರಿಗೆ ಗೊತ್ತಿರಲಿಲ್ಲವೇ? ನಮಗೆಲ್ಲ ಗೊತ್ತಿದ್ದದ್ದು ಅವರಿಗೆ ಗೊತ್ತಿರದೆ ಇರುತ್ತದೆಯೇ! ಅವರ ಕೈಲಿ ಇದ್ದದ್ದು ಮುಂದಿನ ಚೆಂಡು ಮಾತ್ರ. ಅದನ್ನು ಆಡಿದರು. ಇದರ ಬೆಲೆ ನನಗೆ ಪೂರ್ತಿ ತಿಳಿದದ್ದು ಮರುವರ್ಷ, ಅದೂ ನನ್ನ ಪ್ರೀತಿಯ ವೆಂಬ್ಲಿ ಅರೀನಾದಲ್ಲಿ.

2012ರ ಒಲಿಂಪಿಕ್ಸ್ ಬ್ಯಾಡ್ಮಿಂಟನ್ ನಡೆದದ್ದು ಅಲ್ಲೇ. ಪ್ರಕಾಶ್ ಗೆದ್ದ ಮನೆಯೊಳಗೆ ಕೊನೆಗೂ ಆಟ ನೋಡುವ ಭಾಗ್ಯ ಬಂತೆಂದು ಜುಲೈ 31ರ ಸಂಜೆಗೆ ಟಿಕೆಟ್ ತೆಗೆದುಕೊಂಡಿದ್ದೆ. ಮಹಿಳೆಯರ ಡಬಲ್ಸ್. ಚೀನಾದ ವಾಂಗ್ ಷಿಯಾವೊಲಿ ಮತ್ತು ಯು ಯಾಂಗ್ ಆಗಿನ ವಿಶ್ವ ಚಾಂಪಿಯನ್ನರು, ಎದುರಿಗೆ ದಕ್ಷಿಣ ಕೊರಿಯಾದ ಜೋಡಿ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಏನೋ ಸರಿಯಿಲ್ಲ ಅನಿಸಿತು. ಸರ್ವಿಸ್ ಬಲೆಗೆ ಹೋಗುತ್ತಿದೆ. ಮತ್ತೊಂದೂ ಬಲೆಗೆ. ಸುಲಭದ ಷಟಲ್ ಗೆರೆಯಾಚೆ. ನಾಕೌಟ್‌ನಲ್ಲಿ ಅನುಕೂಲದ ಎದುರಾಳಿ ಸಿಗಲೆಂದು ಎರಡೂ ಕಡೆಯವರು ಸೋಲಲು ಪೈಪೋಟಿ ನಡೆಸಿದ್ದರು! ಜನ ಕೂಗಾಡಿದರು, ರೆಫರಿ ಕೋರ್ಟಿಗೇ ಇಳಿದು ಬಂದು ಎಚ್ಚರಿಸಿದರು. ಆಮೇಲೆ ಇನ್ನೊಂದು ಪಂದ್ಯದಲ್ಲೂ ಅದೇ ನಾಟಕ. ಮರುದಿನ ಚೀನಾ, ಕೊರಿಯಾ, ಇಂಡೋನೇಷ್ಯಾಗಳ ಎಂಟು ಮಂದಿ ಆಟಗಾರ್ತಿಯರನ್ನು ಕೂಟದಿಂದ ಹೊರಗೆ ಹಾಕಿದರು.

ಕೊಡಗಿನ ಮನೆತನದ ಅಶ್ವಿನಿ ಪೊನ್ನಪ್ಪ ತಮ್ಮ ಜೊತೆಗಾರ್ತಿ ಜ್ವಾಲಾ ಗುಟ್ಟಾ ಜೊತೆ ಅದೇ ಕೂಟದಲ್ಲಿ ಆಡುತ್ತಿದ್ದರು. ಗುಂಪಿನ ಮೂರು ಪಂದ್ಯಗಳಲ್ಲಿ ಎರಡು ಗೆದ್ದೂ, ಪಾಯಿಂಟುಗಳ ವ್ಯತ್ಯಾಸದಲ್ಲಿ ಒಂದೇ ಒಂದು ಪಾಯಿಂಟು ಕಡಿಮೆಯಾಗಿ ಹೊರಬಿದ್ದರು. ಒಂದು ಪಾಯಿಂಟಿಗೆ ಎಷ್ಟು ಬೆಲೆ ಎಂದು ಒಬ್ಬರಿಗೆ ಗೊತ್ತು, ಇನ್ನೊಬ್ಬರು ಅದನ್ನು ಬೇಕೆಂದೇ ಚೆಲ್ಲುತ್ತಾರೆ. ವೇಗ, ಬಲ, ತರಬೇತಿ, ವಿಶ್ವ ಪಟ್ಟ ಎಲ್ಲವೂ ಇದ್ದವರು ಆ ಸಂಜೆ ನನ್ನ ಕಣ್ಣಿಗೆ ಸಣ್ಣವರಾಗಿ ಕಂಡರು. ಅವರ ಮೇಲೆ ಸಿಟ್ಟಿಗಿಂತ ಕನಿಕರವೇ ಬಂತು. ಲೆಕ್ಕ ಹಾಕಿಕೊಟ್ಟವರು ಬೇರೆಯವರೂ ಇರಬಹುದು. ಆದರೆ ಓವಲ್ಲಿನಲ್ಲಿ ಮೆಟ್ಟಿಲಿಳಿದು ಎರಡನೇ ಸಲ ಬಂದವರ ಅಳತೆ ನನಗೆ ಸಿಕ್ಕಿದ್ದು ಅವತ್ತು. ಫಲಿತಾಂಶದ ಲೆಕ್ಕ ಆಟಗಾರನ ತಲೆಯಲ್ಲಿ ಇದ್ದೇ ಇರುತ್ತದೆ. ಅದು ಕೈಗೆ ಇಳಿಯದಂತೆ ನೋಡಿಕೊಳ್ಳುವವನು ದೊಡ್ಡ ಆಟಗಾರ.

ಆ ಬೇಸರ ಹೋಗಿದ್ದು ಸೆಪ್ಟೆಂಬರ್ 3ರಂದು, ಸ್ಟ್ರಾಟ್‌ಫರ್ಡ್‌ನ ಒಲಿಂಪಿಕ್ ಕ್ರೀಡಾಂಗಣದಲ್ಲಿ. ಒಲಿಂಪಿಕ್ಸ್ ಟಿಕೆಟ್ ನಮಗೆ ದುಬಾರಿ, ಪ್ಯಾರಾಲಿಂಪಿಕ್ಸ್ ಟಿಕೆಟ್ ಅಗ್ಗ. ಅದಕ್ಕೇ ಮನೆಮಂದಿಯೆಲ್ಲ ಹೊರಟಿದ್ದೆವು. ಕಾಲಿನ ಊನ ಇರುವವರ ಎಫ್-42 ವಿಭಾಗದ ಎತ್ತರ ಜಿಗಿತದಲ್ಲಿ ನಮ್ಮವರೊಬ್ಬರು ಇದ್ದಾರೆಂಬುದು ಮಾತ್ರ ಗೊತ್ತಿತ್ತು. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ. ಎಡಗಾಲು ಊನ. ಓಡಿ ಬಂದು, ಬೆನ್ನು ಕೆಳಗೆ ಮಾಡಿ ಹಾರುವ ಇಂದಿನ ರೀತಿ ಅವರದಲ್ಲ; ಕತ್ತರಿಯಾಡಿಸಿದಂತೆ ಒಂದು ಕಾಲಿನ ಹಿಂದೆ ಇನ್ನೊಂದನ್ನು ಎತ್ತಿ ಪಟ್ಟಿ ದಾಟುವ ಹಳೆಯ ರೀತಿ. ನಮ್ಮ ಶಾಲೆಗಳಲ್ಲಿ ಮರಳಿನ ಗುಂಡಿಗೆ ಮಕ್ಕಳು ಹಾರುವುದು ಹಾಗೇ ಅಲ್ಲವೇ. ಬಹಳ ದೂರದ ಸೀಟು ನಮ್ಮದು. ಪಟ್ಟಿ ಅಲುಗಿತೋ ಇಲ್ಲವೋ ಎಂದು ತಿಳಿಯಲು ದೊಡ್ಡ ಪರದೆ ನೋಡಬೇಕು.

ಫಿಜಿಯ ಇಲಿಯೆಸಾ ಡೆಲಾನಾ, ಗಿರೀಶ, ಪೋಲೆಂಡಿನ ಸ್ಪರ್ಧಿ, ಮೂವರೂ ದಾಟಿದ್ದು 1.74 ಮೀಟರ್. ಯಾರು ಎಷ್ಟು ಪ್ರಯತ್ನದಲ್ಲಿ ದಾಟಿದರೆಂಬ ಲೆಕ್ಕದಲ್ಲಿ ಚಿನ್ನ ಫಿಜಿಗೆ ಹೋಯಿತು, ಅದು ಆ ಪುಟ್ಟ ದೇಶದ ಮೊದಲ ಪದಕ. ಬೆಳ್ಳಿ ಗಿರೀಶರಿಗೆ. ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಬಂದದ್ದು ಆ ಒಂದೇ ಪದಕ. ಮುಂದಿನ ವರ್ಷ ಅವರಿಗೆ ಪದ್ಮಶ್ರೀ ಬಂತು. ಒಂದು ಕಾಲು ಸರಿಯಿಲ್ಲದ ಮನುಷ್ಯ ನನ್ನ ಎತ್ತರಕ್ಕಿಂತ ಮೇಲಿನ ಪಟ್ಟಿಯನ್ನು ದಾಟಿದ್ದನ್ನು ಅವತ್ತು ನೋಡಿದೆ.

ಇವರೆಲ್ಲರನ್ನೂ ಒಟ್ಟಿಗಿಟ್ಟು ನೋಡಿದರೆ ಸೊರಗಿದ ಕೈ, ಮದುವೆ ಮಂಟಪದ ಕೋರ್ಟ್, ತಿರುಗದ ಚೆಂಡು, ಊನದ ಕಾಲು ಎಂದು ಪಟ್ಟಿ ಮಾಡಿ ಕಣ್ಣೀರು ತರಿಸುವ ಕಥೆ ಬರೆಯಬಹುದು. ಹಾಗೆ ಬರೆದರೆ ಅವರಿಗೆ ಅನ್ಯಾಯ. ಕೊರತೆ ಇದ್ದ ಮಾತ್ರಕ್ಕೆ ಯಾರೂ ದೊಡ್ಡವರಾಗುವುದಿಲ್ಲ. ಕೊರತೆ ನಮಗೆಲ್ಲರಿಗೂ ಇದೆ. ಇವರು ಅದನ್ನು ಮರೆಮಾಚಲಿಲ್ಲ, ಅದರ ನೆಪವನ್ನೂ ಹೇಳಲಿಲ್ಲ. ಅದನ್ನೇ ಅಳತೆಯಾಗಿಟ್ಟುಕೊಂಡು ತಮ್ಮದೇ ಆದ ಒಂದು ಆಟ ಕಟ್ಟಿಕೊಂಡರು. ಕೈ ತೆಳುವಾಗಿದ್ದರೆ ಬೀಸು ಹೆಚ್ಚು, ಸ್ಮ್ಯಾಷ್ ಕಡಿಮೆಯಾದರೆ ಡ್ರಾಪ್ ಹೆಚ್ಚು. ಕಟ್ಟಿಕೊಂಡ ಮೇಲೆ ಗೆಲ್ಲುವ ದಿನವೂ ಸೋಲುವ ದಿನವೂ ಅದನ್ನೇ ಪೂರ್ತಿಯಾಗಿ ಆಡಿದರು. ಚಂದ್ರಶೇಖರ್ 58 ಟೆಸ್ಟುಗಳಲ್ಲಿ 242 ವಿಕೆಟ್ ಪಡೆದರು, ಹೊಡೆದ ರನ್ 167. ವಿಕೆಟ್ಟಿಗಿಂತ ರನ್ನೇ ಕಡಿಮೆ ಎಂದು ಜನ ನಗುತ್ತಾರೆ. ತನ್ನ ಕೆಲಸ ಯಾವುದು, ಯಾವುದಲ್ಲ ಎಂದು ಇಷ್ಟು ಸ್ಪಷ್ಟವಾಗಿ ಹೇಳುವ ಅಂಕಿ ಇನ್ನೊಂದಿಲ್ಲ.

ನನ್ನ ಮಗಳು ಹ್ಯಾರೋದ ಒಂದು ಹಾಲ್‌ನಲ್ಲಿ ವಾರಕ್ಕೊಮ್ಮೆ ಷಟಲ್ ಆಡುತ್ತಾಳೆ. ಕುಳ್ಳಿ, ನನ್ನ ಹಾಗೆ. ಸ್ಮ್ಯಾಷ್ ಅವಳ ಕೈಲಿ ಕೂರುವುದಿಲ್ಲ. ಚಿಕ್ಕವಳಿದ್ದಾಗ ಅದಕ್ಕೇ ಅಳುತ್ತಿದ್ದಳು. ಒಂದು ದಿನ 1980ರ ಫೈನಲ್ ಹಾಕಿ ತೋರಿಸಿದೆ. ಏನೂ ಹೇಳಲಿಲ್ಲ. ಮುಗಿದ ಮೇಲೆ ಅವಳೇ ಕೇಳಿದಳು: "ಇವರು ಹೊಡೆಯೋದೇ ಇಲ್ವಲ್ಲಪ್ಪಾ, ಬರೀ ಇಡ್ತಾರೆ!" ಈಗ ಅವಳೂ ಇಡಲು ಕಲಿತಿದ್ದಾಳೆ. ಚಾಂಪಿಯನ್ ಏನೂ ಆಗಿಲ್ಲ. ಆದರೆ ಎತ್ತರದ ಹುಡುಗಿಯರು ಅವಳ ಜೊತೆ ಆಡಿ ಮುಗಿಸಿದಾಗ ಮೊಣಕಾಲು ಹಿಡಿದು ಬಗ್ಗಿ ಉಸಿರು ಬಿಡುವುದನ್ನು ನೋಡಿದ್ದೇನೆ.

ಲಂಡನ್ನಿನ ಕನ್ನಡ ಕುಟುಂಬಗಳು ಯುಗಾದಿಗೋ ರಾಜ್ಯೋತ್ಸವಕ್ಕೋ ಸೇರಿದಾಗ ಮಕ್ಕಳಿಗೆ ರಸಪ್ರಶ್ನೆ ನಡೆಸುವುದುಂಟು. ದ್ರಾವಿಡ್ ಯಾರೆಂದರೆ ಹತ್ತು ಕೈ ಏಳುತ್ತವೆ. ಕುಂಬ್ಳೆಗೆ ಐದಾರು, ಪ್ರಕಾಶ್ ಹೆಸರಿಗೆ ನಟಿ ದೀಪಿಕಾಳ ಅಪ್ಪ ಎಂಬ ಉತ್ತರ. ಎಚ್.ಎನ್. ಗಿರೀಶ ಎಂದರೆ ದೊಡ್ಡವರೂ ಮುಖ ಮುಖ ನೋಡುತ್ತಾರೆ. ಇದೇ ಊರಿನಲ್ಲಿ, ನಮ್ಮೆಲ್ಲರ ಮನೆಯಿಂದ ಟ್ಯೂಬಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ, ಕನ್ನಡಿಗನೊಬ್ಬ ಇಡೀ ದೇಶಕ್ಕೆ ಒಬ್ಬನೇ ಪದಕ ತಂದ. ಈ ಸಲದ ರಸಪ್ರಶ್ನೆಯಲ್ಲಿ ಆ ಹೆಸರನ್ನೂ ದಯವಿಟ್ಟು ಸೇರಿಸಿ. ಉತ್ತರ ಬಾರದಿದ್ದರೆ ಆ ಜಿಗಿತವನ್ನು ಮಕ್ಕಳಿಗೆ ತೋರಿಸಿ.